ಚಂದು ದಂಡೆಗೆ ಬಂದ ಕಥೆ

ಇದು ನನ್ನ ಮನೆಯ ವಿಷಯವಲ್ಲ. ಬರೆಯುವುದು ಸರಿಯೋ ತಪ್ಪೋ ಎಂದು ಈಗಲೂ ಅಳುಕು ಇದೆ. ಮಂಗಲಾ ನನ್ನ ಹತ್ತಿರ ಹೇಳಿಕೊಂಡಷ್ಟನ್ನೇ ಹೇಳುತ್ತೇನೆ. ಎಲ್ಲಾದರೂ ಹೆಚ್ಚುಕಡಿಮೆಯಾದರೆ ಓದುವವರು ಕ್ಷಮಿಸಬೇಕು.

ಎರಡು ಸಾವಿರದ ನಾಲ್ಕರ ಮೇ ತಿಂಗಳು, ಕಾರವಾರದ ರವಿವಾರದ ಸಂತೆ. ಮಳೆಗಾಲಕ್ಕೆ ಒಣಮೀನು ಕೊಳ್ಳುವವರ ಗದ್ದಲ. ಹಾರವಾಡದಿಂದ ಬಂದ ಮಂಗಲಾ ಒಣಸಿಗಡಿ ಕಟ್ಟಿಕೊಡಲು ರದ್ದಿ ಕಾಗದದ ಕಟ್ಟು ಬಿಚ್ಚಿದಳು. ನಡುವಿನಿಂದ ಒಂದು ಹಳೆಯ ಚಿತ್ರಕಥೆಯ ಪುಸ್ತಕ ಜಾರಿ ಮಡಿಲಿಗೆ ಬಿತ್ತು. ಮುಖಪುಟದಲ್ಲಿ ಕೆಂಪು ಹಾಯಿಯ ಹಡಗು, ಅದರ ತುದಿಯಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತ ಮನುಷ್ಯ. ಹರಿಯಲು ಎತ್ತಿದ ಕೈ ಅಲ್ಲೇ ನಿಂತಿತು. ‘ಹಾಯಿವೀರ’ ಎಂದು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಕೇರಿಯ ಸಂಜೆ ವರ್ಗದಲ್ಲಿ ಅವಳು ಓದು ಕಲಿತದ್ದು ಹಿಂದಿನ ವರ್ಷವಷ್ಟೇ.

ಅವಳು ಸಣ್ಣವಳಿದ್ದಾಗ ಅಣ್ಣ ತುಳಸಿದಾಸ ಈ ಪುಸ್ತಕವನ್ನು ಅಂಕೋಲೆಯ ಯಾರದೋ ಮನೆಯಿಂದ ಎರವಲು ತಂದಿದ್ದ. ಮೀನಿನ ಕೈ ತಾಗಿದರೆ ವಾಸನೆ ಹಿಡಿಯುತ್ತದೆಂದು ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ. ಪುಸ್ತಕ ಕನ್ನಡದ್ದು, ಮನೆಯ ಮಾತು ಕೊಂಕಣಿ. ಅವನು ಪುಟ ನೋಡುತ್ತ ಕೊಂಕಣಿಯಲ್ಲಿ ಹೇಳುತ್ತಿದ್ದ, ಬಲೆ ಕಟ್ಟುವವರೆಲ್ಲ ಕೇಳುತ್ತಿದ್ದರು. ಪುಸ್ತಕ ವಾಪಸು ಹೋದ ಮೇಲೂ ಪ್ರತಿ ಮಳೆಗಾಲ ಆ ಕಥೆ ನಡೆಯಿತು. ಕೇರಿಯಲ್ಲಿ ಓದು ಬಲ್ಲವನೆಂದರೆ ತುಳಸಿದಾಸ.

ಅಷ್ಟರಲ್ಲಿ ಅವನೇ ಇನ್ನೊಂದು ಬುಟ್ಟಿ ಹೊತ್ತು ಬಂದ.

“ದಾದಾ, ನೋಡು ಇಲ್ಲಿ. ನಿನ್ನ ಹಾಯಿವೀರ.”

ತುಳಸಿದಾಸ ಬುಟ್ಟಿ ಇಳಿಸಿ ಮುಖಪುಟವನ್ನು ಸ್ವಲ್ಪ ಹೊತ್ತು ನೋಡಿದ. “ಇದು ಇನ್ನೂ ಉಂಟಾ? ಇಡು ಆಚೆ, ಹರೀಬೇಡ.”

“ಹರಿಯುದಲ್ಲ, ಓದ್ತೆ. ಇಷ್ಟು ದಿನ ನೀ ಹೇಳ್ದೆ, ಇವತ್ತು ನೀ ಕೇಳು.”

“ವ್ಯಾಪಾರದ ಹೊತ್ತಿಗೆ ಎಂತಾ ಓದುದು.”

“ಓದ್ಲಿ ಬಿಡಾ,” ಪಕ್ಕದಲ್ಲಿ ಮೀನು ಹರಡಿಕೊಂಡಿದ್ದ, ಅದೇ ಕೇರಿಯ ಗಂಗಿ ಎಂದಳು. “ಈ ವಯಸ್ಸಲ್ಲಿ ಶಾಲೆಗೆ ಹೋಗಿ ಬಂದವಳು. ನಮಗೂ ಪುಕ್ಕಟೆ ಕಥೆ.”

ಮಂಗಲಾ ಸೆರಗಿಗೆ ಕೈ ಒರೆಸಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದಳು. ಬಿರುಗಾಳಿ ಬಂತು, ಹಾಯಿ ಹರಿಯಿತು, ಹಾಯಿವೀರನ ಗೆಳೆಯ ಚಂದು ನೀರಿಗೆ ಬಿದ್ದ. “ಚಂದು ಅಲೆಗಳಲ್ಲಿ ಮುಳುಗಿದನು. ಹಾಯಿವೀರನು ಅವನನ್ನು ಮತ್ತೆಂದೂ ಕಾಣಲಿಲ್ಲ.”

ಅವಳು ನಿಲ್ಲಿಸಿದಳು. ತನ್ನ ಓದೇ ತಪ್ಪಿರಬೇಕೆಂದು ಮತ್ತೊಮ್ಮೆ ಓದಿದಳು.

“ದಾದಾ, ಹೀಗಲ್ಲ ಅಲ್ದಾ? ಚಂದು ಹಲಗೆ ಹಿಡ್ಕಂಡು ದಂಡೆಗೆ ಬರ್ತ. ಬಂದವನೇ ಬಂಗಡೆ ಸಾರು ಕೇಳ್ತ.”

“ಇದು ಬೇರೆ ಪುಸ್ತಕ ಇರ್ಬೇಕು.”

“ಬೇರೆ ಎಲ್ಲಿಂದ, ಅದೇ ಹಡಗು, ಅದೇ ಹಾಯಿ. ಇದ್ರಲ್ಲಿ ಬಂಗಡೆಯೇ ಇಲ್ಲ.”

ಗಂಗಿ ನಕ್ಕಳು. “ಬಂಗಡೆ ಎಲ್ಲಿಂದ ಬರ್ಬೇಕು ಮಾರಾಯ್ತಿ? ಅವಂಗೆ ಅಕ್ಷರ ಗೊತ್ತಿದ್ರಲ್ದಾ. ಚಿತ್ರ ನೋಡಿ ಗಾಳಿ ಹೊಡ್ದದ್ದು. ನಾವು ಇಡೀ ಕೇರಿ ಬಾಯಿ ತೆರ್ಕಂಡು ಕೇಳ್ದದ್ದು.”

ಸಿಗಡಿ ಕೊಳ್ಳಲು ಹಣಕೋಣದಿಂದ ಬಂದಿದ್ದ ಹೆಂಗಸೂ ನಕ್ಕಳು. ಮಂಗಲಾ ಕೂಡ ನಕ್ಕಳು.

ತುಳಸಿದಾಸ ಯಾರನ್ನೂ ಬಯ್ಯಲಿಲ್ಲ. “ಬಿಸಿಲು ಬಂತು, ಬುಟ್ಟಿ ನೆರಳಿಗೆ ಎಳ್ಕ,” ಎಂದು ಹೇಳಿ, ಹೆಗಲ ಮೇಲಿನ ಪಂಚೆ ಕೊಡವಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದ. ಪ್ರತಿ ವಾರ ಅಣ್ಣ ತಂಗಿ ಒಟ್ಟಿಗೇ ಊರಿಗೆ ಹೋಗುತ್ತಿದ್ದರು. ಆ ದಿನ ಅವನು ಕಾಯಲಿಲ್ಲ.

ಹಾರವಾಡದ ಬಸ್ಸಿನಲ್ಲಿ ಅವಳು ಪುಸ್ತಕವನ್ನು ಮತ್ತೆ ತೆರೆದಳು. ಚಂದು ಮುಳುಗುವ ಚಿತ್ರ ಅರ್ಧ ಪುಟದಷ್ಟು ದೊಡ್ಡದಿತ್ತು. ನೀರಿನ ಮೇಲೆ ಕೈಯೊಂದೇ ಉಳಿದಿತ್ತು. ಅಕ್ಷರ ಬಾರದವನಿಗೂ ಅಲ್ಲಿ ಒಬ್ಬ ಸಾಯುತ್ತಿದ್ದಾನೆಂದು ತಿಳಿಯುತ್ತಿತ್ತು. ಆಗ ಅವಳಿಗೆ ನೆನಪಾಯಿತು: ಆ ಪುಸ್ತಕ ಮನೆಗೆ ಬಂದ ವರ್ಷವೇ ಅಪ್ಪ ಹೋದ ದೋಣಿ ತಿರುಗಿ ಬಂದಿರಲಿಲ್ಲ. ಅವಳು ಊಟ ಬಿಟ್ಟು ಬಾಗಿಲಲ್ಲಿ ಕೂರುತ್ತಿದ್ದಳು. ಚಂದು ದಂಡೆಗೆ ಬಂದ ಮೇಲೆಯೇ ಅವಳು ತಟ್ಟೆಗೆ ಕೈ ಹಾಕುತ್ತಿದ್ದದ್ದು.

ಜೂನ್‌ನಲ್ಲಿ ಮಳೆ ಹಿಡಿದು ಮೀನುಗಾರಿಕೆ ನಿಂತಿತು, ದೋಣಿಗಳನ್ನು ದಂಡೆಯ ಮೇಲೆ ಎಳೆದರು. ಮಾಡಿನ ಕೆಳಗೆ ಎಲ್ಲರೂ ಬಲೆ ಕಟ್ಟಲು ಕೂತಿದ್ದಾಗ ನೆರೆಮನೆಯ ನಿತೇಶ ಕೇಳಿದ, “ತುಳಸಿಮಾಮಾ, ಹಾಯಿವೀರಂದು ಸುರು ಮಾಡು.”

“ಮಂಗಲಾನ ಕೇಳು. ಅವಳಿಗೆ ಓದ್ಲಿಕ್ಕೆ ಬರ್ತದೆ.”

ಎಲ್ಲರೂ ಅವಳ ಕಡೆ ತಿರುಗಿದರು. ಮಂಗಲಾ ಒಳಗಿನಿಂದ ಪುಸ್ತಕ ತರಲಿಲ್ಲ. ಬಲೆಯನ್ನು ಮಡಿಲಲ್ಲೇ ಇಟ್ಟುಕೊಂಡು, ಅಣ್ಣ ಹೇಳುತ್ತಿದ್ದ ಹಾಗೆಯೇ ಹೇಳಿದಳು. ಬಿರುಗಾಳಿ ಬಂತು, ಚಂದು ನೀರಿಗೆ ಬಿದ್ದ, ಒಂದು ಹಲಗೆ ಸಿಕ್ಕಿತು, ಅದನ್ನು ಹಿಡಿದು ಈಜುತ್ತ ಈಜುತ್ತ ದಂಡೆ ಮುಟ್ಟಿದ.

“ಸುಳ್ಳು,” ಎಂದ ತುಳಸಿದಾಸ, ತಲೆ ಎತ್ತದೆ, ಬಲೆಯ ಕಣ್ಣಿಗೆ ಕಣ್ಣು ಜೋಡಿಸಿ ಗಂಟು ಹಾಕುತ್ತ. “ಅವ ಮುಳುಗಿದ.”

ಅವನಿಗೆ ಓದು ಬರುತ್ತಿತ್ತೋ ಇಲ್ಲವೋ, ಮಂಗಲಾ ಇವತ್ತಿನವರೆಗೆ ಕೇಳಿಲ್ಲ. ನನಗೂ ಗೊತ್ತಿಲ್ಲ.