ಎರ್ವಾನ್‌ನ ಗೆಳೆಯ

ಬಾಗಿಲು ತಟ್ಟುವ ಮೊದಲು ಲೂಸಿಯೆನ್ ತನ್ನ ಸುಳ್ಳುಗಳನ್ನೆಲ್ಲ ಮತ್ತೊಮ್ಮೆ ಜ್ಞಾಪಿಸಿಕೊಂಡ. ದೋಣಿಯ ಹೆಸರು, ಬಿರುಗಾಳಿಯ ದಿನ, ಎರ್ವಾನ್‌ನ ಕೊನೆಯ ಮಾತು. ಹೋದ ವರ್ಷ ಹೇಳಿದ್ದಕ್ಕೂ ಈ ವರ್ಷ ಹೇಳುವುದಕ್ಕೂ ತಾಳೆಯಾಗಬೇಕಲ್ಲ. ಕಂಕುಳಲ್ಲಿ ಸೇವಂತಿಗೆಯ ಕುಂಡವಿತ್ತು.

ನವೆಂಬರಿನಲ್ಲಿ ಪೋರ್-ಬ್ಲಾನೆಕ್‌ನ ಕಡಲತೀರದಲ್ಲಿ ಹೊರಗಿನವರ ಒಂದು ನರಪಿಳ್ಳೆಯೂ ಇರುವುದಿಲ್ಲ. ಮೂರು ವರ್ಷಗಳ ಹಿಂದೆ, ಸತ್ತವರ ಹಬ್ಬದ ದಿನ, ಅವನು ಸುಮ್ಮನೆ ಬಸ್ಸು ಹತ್ತಿ ಈ ಊರಿಗೆ ಬಂದಿದ್ದ. ಲಿಮೋಜ್‌ನ ಬೂಟ್ಸು ಕಾರ್ಖಾನೆಯಲ್ಲಿ ಆಯುಸ್ಸು ಸವೆಸಿದ ಒಂಟಿಜೀವ. ಹೂವಿಡಲು ಒಂದು ಗೋರಿಯೂ ಇರಲಿಲ್ಲ. ಚರ್ಚಿನಲ್ಲಿ ಪಕ್ಕ ಕುಳಿತ ಮುದುಕಿ ಓದೆಟ್ ಕೇಳಿದ್ದಳು: "ನೀನು ನನ್ನ ಮಗ ಎರ್ವಾನ್ ಜೊತೆ ದೋಣೀಲಿದ್ದವನಲ್ವೇನಪ್ಪ?" ಮಗ ಸಮುದ್ರದ ಪಾಲಾಗಿದ್ದನಂತೆ. ತಿಂಗಳುಗಟ್ಟಲೆ ಯಾರೂ ಮಾತಾಡಿಸದಿದ್ದ ಲೂಸಿಯೆನ್ "ಹೌದಮ್ಮ" ಎಂದುಬಿಟ್ಟ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡಬಹುದಂತೆ. ಇವನು ಒಂದು ಸುಳ್ಳು ಹೇಳಿ ವರ್ಷಕ್ಕೊಂದು ಊಟ ಸಂಪಾದಿಸಿದ. ಅದು ಬಯಲಾದರೆ ಅವನಿಗಾಗಿ ಕಾಯುವ ಬಾಗಿಲು ಈ ಭೂಮಿಯ ಮೇಲೆ ಇನ್ನೊಂದಿರಲಿಲ್ಲ.

"ಬಾರಪ್ಪ, ಆರಿಹೋಗ್ತಿದೆ," ಎಂದಳು ಓದೆಟ್. ಪ್ರತಿವರ್ಷದಂತೆ ಸಾಸಿವೆ ಹಾಕಿ ಬೇಯಿಸಿದ ಮೊಲ. ಅವನು ಎರಡನೇ ಸಲವೂ ಹಾಕಿಸಿಕೊಂಡ.

"ಹೇಳು, ದೋಣೀಲಿ ಅವನು ಹೇಗಿರ್ತಿದ್ದ?"

ಅವಳು ಯಾವಾಗಲೂ ಹೀಗೆ. ತಾನಾಗಿ ಏನೂ ಹೇಳಳು, ಬರೀ ಕೇಳುವಳು. ಪಾಪ, ದುಃಖ ನೆನಪನ್ನೇ ತಿಂದುಹಾಕಿದೆ ಎಂದುಕೊಳ್ಳುತ್ತಿದ್ದ.

"ಬಲೆ ಎಳೆಯೋವಾಗ ಹಾಡ್ತಿದ್ದ ಅಮ್ಮ. ಶ್ರುತಿ ಮಾತ್ರ ಸೇರ್ತಿರಲಿಲ್ಲ."

"ಹೌದು, ಚಿಕ್ಕೋನಿದ್ದಾಗಲೂ ಹಾಗೇ," ಎಂದು ಕಣ್ಣೊರೆಸಿಕೊಂಡು ನಕ್ಕಳು.

ಊಟವಾದ ಮೇಲೆ ಸೇವಂತಿಗೆ ಬಿಡಿಸಿ ಅಲೆಗಳಿಗೆ ಹಾಕಿದರು. ದಕ್ಕೆಯ ಮೇಲೆ, ಮುಳುಗಿದವರ ಹೆಸರು ಕೆತ್ತಿದ ಕಲ್ಲಿನ ಬಳಿ, ಊರವರೆಲ್ಲ ಸೇರಿದ್ದರು. ಓದೆಟ್ ಅತ್ತ ಹೋಗುವವಳಲ್ಲ. "ಮಂಡಿ ನೋವಪ್ಪ, ಇಲ್ಲೇ ಬಿಡೋಣ." ಅವನಿಗೂ ಅದೇ ಬೇಕಿತ್ತು. ಕಲ್ಲಿನ ಮೇಲೆ ಬೇರೆ ತಾರೀಖಿದ್ದರೆ?

"ಬರೋ ವರ್ಷ ಬರ್ತೀಯಲ್ವಾ?" ಎಂದು ಕೈ ಹಿಡಿದುಕೊಂಡಳು. ಬಿಡಿಸಿಕೊಳ್ಳಲು ಅವನಿಗೆ ಸಂಕಟವಾಯಿತು.

ಬಸ್‌ ನಿಲ್ದಾಣದೆದುರಿನ ಕೆಫೆಯ ಮಾಲೀಕ ಕಾಫಿ ಕೊಡುತ್ತ, ಊಟಕ್ಕೆ ಏನಿತ್ತೆಂದು ಕೇಳಿದ.

"ಮೊಲ."

ಮಾಲೀಕ ಅಪಶಕುನ ಕಳೆಯಲೆಂದು ಥಟ್ಟನೆ ಮೇಜಿನ ಮರ ಮುಟ್ಟಿದ. "ಆ ಹೆಸರೆತ್ತಬೇಡಿ ಸ್ವಾಮಿ. ಉದ್ದಕಿವಿ ಅನ್ನಿ. ಹಡಗಿನ ಹಗ್ಗ ಕಡಿದು ಮುಳುಗಿಸೋ ಪ್ರಾಣಿ ಅದು. ದೋಣಿಗೆ ಹೋದೋರು ಮುಟ್ಟಲ್ಲ, ಅವರ ಮನೇಲಿ ಬೇಯಿಸೋದೂ ಇಲ್ಲ."

ಲೂಸಿಯೆನ್ ಕಾಫಿ ಕೆಳಗಿಟ್ಟ. ಪ್ರತಿವರ್ಷ ತಟ್ಟೆ ಒರೆಸಿ ತಿಂದಿದ್ದನಲ್ಲ. ತಾನು ದೋಣಿ ಹತ್ತಿದವನೇ ಅಲ್ಲವೆಂದು ಮೀನುಗಾರನ ತಾಯಿಗೆ ಮೊದಲ ತುತ್ತಿಗೇ ಗೊತ್ತಾಗಿರಬೇಕು. ಆದರೆ...

"ಬೇಯಿಸಿದ್ದೇ ಓದೆಟ್ ಅಮ್ಮ," ಎಂದ ಮೆಲ್ಲಗೆ.

"ಓ, ಅವರಾ? ಅವರಿಗೆಲ್ಲಿ ಗೊತ್ತು ಇದೆಲ್ಲ. ಬೆಟ್ಟದ ಕಡೆಯೋರು, ಇಲ್ಲಿಗೆ ಬಂದೇ ಐದು ವರ್ಷ. ಗಂಡ ಮಕ್ಕಳು ಯಾರೂ ಇಲ್ಲ, ಮದುವೇನೇ ಆಗಲಿಲ್ವಂತೆ." ಲೋಟ ಒರೆಸುತ್ತ ಕೇಳಿದ: "ಅಂದ ಹಾಗೆ, ನೀವು ಅವರಿಗೆ ಏನಾಗ್ಬೇಕು?"

ಹೊರಗೆ ಬಸ್ಸು ಬಂದು ನಿಂತಿತು. ಲೂಸಿಯೆನ್ ಕಾಫಿಯ ದುಡ್ಡು ಮೇಜಿನ ಮೇಲಿಟ್ಟು ಎದ್ದ.

"ಅವರ ಮಗನ ಗೆಳೆಯ," ಎಂದ.