ಹಿಗ್ಗದ ನಾಳ

ಅಮ್ಮನ ಮುಂಗೈಗೆ ಬಿಗಿದಿದ್ದ ಬಿ.ಪಿ. ಪಟ್ಟಿಯ ಗಾಳಿಯನ್ನು ಮಗಳು ಬಿಟ್ಟಳು. ಐದು ನಿಮಿಷ ತಡೆದಿಟ್ಟಿದ್ದ ರಕ್ತ ನುಗ್ಗಿತು. ಆರೋಗ್ಯವಾಗಿದ್ದರೆ ಈಗ ತೋಳಿನ ರಕ್ತನಾಳ ಒಂದಿಷ್ಟಾದರೂ ಹಿಗ್ಗಬೇಕು. ಸ್ಕ್ಯಾನಿಂಗ್ ಪರದೆಯ ಮೇಲೆ ಅದು ಹಿಗ್ಗಲಿಲ್ಲ.

ಮಗಳ ಹೃದ್ರೋಗ ಸಂಶೋಧನೆಗೆ ಆರೋಗ್ಯವಂತರು ಒಬ್ಬರು ಕಡಿಮೆ ಬಿದ್ದಿದ್ದಾರೆಂದು ತಿಳಿದು ಅಮ್ಮ ತಾನಾಗಿಯೇ ಬಂದು ಮಲಗಿದ್ದಳು. ಮಗಳು ಸ್ಕ್ಯಾನಿಂಗ್ ಪ್ರೋಬನ್ನು ತೋಳಿಗೊತ್ತಿ ಅಲ್ಲಾಡಿಸದೆ ಹಿಡಿದು, ಕಲ್ಲಾದ ರಾಜಕುಮಾರನಿಗೆ ಜೀವ ಬರಲೆಂದು ಕಾಯುವವಳಂತೆ ಕಾದಳು. ನಾಳ ಮಿಸುಕಲಿಲ್ಲ.

"ಯಾಕೇ, ಮುಖ ಬಿಳಿಚ್ಕೊಂಡಿದೆ? ನಿನ್ನ ಪರೀಕ್ಷೇಲಿ ನಾನು ಫೇಲಾ?" ಅಮ್ಮ ನಕ್ಕಳು.

"ಮೆಷಿನ್ನೇ ಕೈಕೊಟ್ಟಿದೆ ಅಮ್ಮಾ. ಇನ್ನೊಂದ್ಸಲ ನೋಡೋಣ." ಮಗಳು ಪಟ್ಟಿಗೆ ಮತ್ತೆ ಗಾಳಿ ತುಂಬಲು ಹೋದಳು.

ಅಮ್ಮ ಅವಳ ಕೈಯನ್ನು ಹಿಡಿದುಕೊಂಡಳು. "ಬೇಡ ಕಣೇ. ತಿಂಗಳಿಂದ ಮೆಟ್ಟಿಲು ಹತ್ತಿದ್ರೆ ಎದೆ ಹಿಂಡುತ್ತೆ. ಬಾಯಿಬಿಟ್ಟು ಹೇಳೋಕೆ ಧೈರ್ಯ ಸಾಲ್ಲಿಲ್ಲ. ನೀನೇ ಕಂಡುಹಿಡೀತೀಯ ಅಂತ ಬಂದೆ."