ಕೂಲರ್ ಭಯ್ಯಾನ ಆರು ಲೋಟ

ಜೂನ್ 7, ಭಾನುವಾರ, ಮಧ್ಯಾಹ್ನ 3:10. ಕೂಲರಿನ ಒದ್ದೆ ಹುಲ್ಲಿನ ವಾಸನೆಗೆ ಆರ್.ಕೆ.ಪುರಂನಲ್ಲಿ ಕಳೆದ ಬಾಲ್ಯದ ಒಂದು ಮಧ್ಯಾಹ್ನ ನೆನಪಾಗುತ್ತಿದೆ.

ನಮ್ಮ ಕೂಲರಿನ ಮೋಟಾರು ಸುಟ್ಟಿತ್ತು, ಪಕ್ಕದ ಮನೆಯವರಿಂದ ತಂದ ಸಾಲವೂ ತೀರಿರಲಿಲ್ಲ. "ಈ ಸಲ ದಾರೀಲಿ ಹೋಗೋರಿಗೆ ಮಜ್ಜಿಗೆ ಬೇಡ, ಆ ದುಡ್ಡಲ್ಲಿ ಕೂಲರ್ ಮಾಡಿಸೋಣ," ಎಂದರು ಅಪ್ಪ.

"ನಮಗೆ ಫ್ಯಾನಾದ್ರೂ ಇದೆ ರೀ, ಅವರಿಗೆ ಅದೂ ಇಲ್ಲ," ಎಂದು ಅಮ್ಮ ಗೇಟಿನ ಬಳಿ ಮಡಕೆ ಇಟ್ಟೇಬಿಟ್ಟಳು. ಲೋಟಗಳನ್ನು ಎಣಿಸಿ ಬರೆಯುವುದು ನನ್ನ ಕೆಲಸ.

ಸೈಕಲ್ಲಿನಲ್ಲಿ ಬಂದ ಕೂಲರ್ ರಿಪೇರಿಯವನು ಐದು ಲೋಟ ಕುಡಿದ. "ಭಯ್ಯಾ, ಹೊಟ್ಟೇನಾ, ಟ್ಯಾಂಕಾ?" ಎಂದೆ. ಅವನು ನಕ್ಕ; ಕೆಟ್ಟು ನಿಂತ ನಮ್ಮ ಕೂಲರ್ ಕಂಡು ಅದನ್ನು ಬಿಚ್ಚಿ, ತನ್ನ ಬಳಿಯಿದ್ದ ಹಳೆಯ ಮೋಟಾರು ಕೂರಿಸಿದ.

ಅಮ್ಮ ದುಡ್ಡು ಚಾಚಿದಳು. "ಅರೇ ದೀದಿ, ಮಜ್ಜಿಗೆ ಕೊಟ್ಟವರ ಹತ್ತಿರ ದುಡ್ಡಾ? ಇನ್ನೊಂದು ಲೋಟ ಕೊಡಿ!"

ಆರನೆಯ ಲೋಟವನ್ನು ಅಪ್ಪನೇ ತುಂಬಿಸಿಕೊಟ್ಟರು.

ಲೋಟದ ಲೆಕ್ಕ ಬರೆದ ನಾನು ಅವನ ಹೆಸರು ಬರೆದುಕೊಳ್ಳಲಿಲ್ಲ. ಹಸಿರು ಸೈಕಲ್ಲಿನ ಆ ಭಯ್ಯಾನನ್ನು ಬಲ್ಲವರು ಬರೆದು ತಿಳಿಸಿ. ಅಮ್ಮ ಇಂದೂ ಮಡಕೆ ಇಟ್ಟಿದ್ದಾಳೆ.